ಮೂರನೆಯ ದಿನದ ತಟ್ಟೆ

"ಈ ಕೋಶಗಳೂ ಸತ್ತಿಲ್ಲ," ಎಂದು ಸಂಶೋಧಕಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. "ಎಲ್ಲಾ ಎಸೆದುಬಿಡಿ ದೊಡ್ಡಕ್ಕ. ನಂಗಂತೂ ಸಾಕಾಯ್ತು."

ಇದು ಐದನೆಯ ಸಲ. ವೈರಸ್ ಹೊಕ್ಕ ಜೀವಕೋಶ ಸುಮ್ಮನೆ ಕೂರುವುದಿಲ್ಲ. ಅಕ್ಕಪಕ್ಕದವಾದರೂ ಉಳಿಯಲಿ ಎಂದು ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅವಳು ಅಧ್ಯಯನ ಮಾಡುತ್ತಿದ್ದ ವೈರಸ್ಸು ಒಂದು ಪ್ರೋಟೀನಿನಿಂದ ಆ ಸಾವನ್ನೇ ತಡೆದು, ತನ್ನ ಸಂತಾನ ಬೆಳೆಯುವವರೆಗೆ ಮನೆ ಬೀಳದಂತೆ ನೋಡಿಕೊಳ್ಳುತ್ತಿತ್ತು. ಪ್ರಯೋಗಾಲಯದಲ್ಲಿ ಆ ಪ್ರೋಟೀನಿಗೆ 'ಏಳು' ಎಂದೇ ಹೆಸರು. ಏಳನ್ನು ಕಿತ್ತುಹಾಕಿದ ವೈರಸ್ ಹೊಕ್ಕರೆ ಕೋಶಗಳು ಎರಡು ದಿನದಲ್ಲಿ ಸಾಯಬೇಕು. ಸಾಯುತ್ತಿಲ್ಲ. ಮೂರು ವರ್ಷದ ದುಡಿಮೆ ನೀರುಪಾಲು.

ಇಪ್ಪತ್ತೆರಡು ವರ್ಷದಿಂದ ಅಲ್ಲಿ ಗಾಜಿನ ಪಾತ್ರೆ ತೊಳೆದು, ಕೋಶ ಬೆಳೆಸಿದ ಹಳೆಯ ತಟ್ಟೆಗಳಿಗೆ ಬ್ಲೀಚ್ ಸುರಿಯುವ ದೊಡ್ಡಕ್ಕ ತಟ್ಟೆಗಳನ್ನು ಎತ್ತಿಕೊಂಡವಳು ನಿಂತೇ ಇದ್ದಳು.

"ಒಂದು ಮಾತು ಹೇಳ್ಲಾ ತಾಯಿ? ಹೋದ ಸಲ ನೀನು ಎಸೀರಿ ಅಂದ ದಿನ ಬ್ಲೀಚ್ ಖಾಲಿಯಾಗಿತ್ತು. ಮಾರನೇ ದಿನ ಸುರಿಯೋಕೆ ಮುಂಚೆ ಮೈಕ್ರೋಸ್ಕೋಪಲ್ಲಿ ನೋಡಿದೆ. ಏಳು ಇಲ್ದಿರೋ ತಟ್ಟೇಲಿ ಎಲ್ಲಾ ಉಂಡೆ ಕಟ್ಕೊಂಡು ಕಿತ್ಕೊಂಡು ಹೋಗ್ತಿದ್ವು. ಏಳು ಇರೋದ್ರಲ್ಲಿ ಒಂದೂ ಅಲ್ಲಾಡಿರ್ಲಿಲ್ಲ. ಇವೂ ಸಾಯ್ತವೆ. ನಾಳೆ."

"ನೀವು ನೋಡ್ತೀರಾ?"

"ಪ್ರತಿ ಸಲ ನೋಡ್ತೀನಿ. ಅಷ್ಟು ಅಕ್ಕರೆಯಿಂದ ಸಾಕಿದ್ದನ್ನ ಹಾಗೇ ಚೆಲ್ಲೋಕೆ ಮನಸ್ಸು ಬರಲ್ಲ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನಂಗೇನು ತಿಳಿಯುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಇವತ್ತು ನಿನ್ನ ಮುಖ ನೋಡೋಕಾಗ್ಲಿಲ್ಲ."

ಮರುದಿನ ಮಧ್ಯಾಹ್ನ ದೊಡ್ಡಕ್ಕ ಹೇಳಿದಂತೆಯೇ ಆಯಿತು. ಸಂಶೋಧಕಿ ಓಡಿಹೋಗಿ ಮುಖ್ಯಸ್ಥೆಯನ್ನು ಕರೆತಂದಳು. ಸಾವನ್ನು ತಡೆಯುವುದು ಏಳು ಒಂದೇ ಎಂದು ಬರೆದೇ ಹೆಸರು ಮಾಡಿದವರು ಅವರು. ಎರಡೂ ತಟ್ಟೆಗಳನ್ನು ಬಹಳ ಹೊತ್ತು ನೋಡಿದರು.

"ಮೊದಲೆರಡು ದಿನ ಕೋಶ ಸಾಯದ ಹಾಗೆ ಕಾಯೋ ಪ್ರೋಟೀನು ಇನ್ಯಾವುದೋ ಇದೆ," ಎಂದರು ಕೊನೆಗೆ. "ಹತ್ತು ವರ್ಷ ತಪ್ಪು ಬರ್ಕೊಂಡು ಬಂದಿದೀನಿ ನೋಡು. ಯಾರು ಕಂಡುಹಿಡಿದಿದ್ದು?"

ಸಂಶೋಧಕಿ ತೊಟ್ಟಿಯ ಕಡೆ ತಿರುಗಿದಳು. ಅಲ್ಲಿ ದೊಡ್ಡಕ್ಕ ಕೇಳಿಸದವಳಂತೆ, ತೊಳೆದ ಸೀಸೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಮುಖ್ಯಸ್ಥೆ ಎದ್ದು ತಮ್ಮ ಸ್ಟೂಲನ್ನು ಈಚೆಗೆ ಎಳೆದರು. "ಬನ್ನಿ, ಕೂತ್ಕೊಳ್ಳಿ. ನೀವು ಏನೇನು ನೋಡಿದ್ರೋ ಮೊದಲಿಂದ ಹೇಳಿ," ಎಂದು ನೋಟ್‌ಬುಕ್ ಬಿಡಿಸಿ, ನಿಂತುಕೊಂಡೇ ಬರೆಯಲು ತಯಾರಾದರು.

ದೊಡ್ಡಕ್ಕ ಒದ್ದೆ ಕೈ ಒರೆಸಿಕೊಂಡು ಕೂತಳು, ಬಗ್ಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಸತ್ತವು ತೇಲಿಹೋಗಿ ತೆರವಾದ ಜಾಗಕ್ಕೆ, ವೈರಸ್ ಮುಟ್ಟದೆ ಉಳಿದ ಅಂಚಿನ ಕೋಶಗಳು ಆಗಲೇ ಮೆಲ್ಲಗೆ ಕಾಲು ಚಾಚುತ್ತಿದ್ದವು.