ಮೂವತ್ತೆಂಟನೇ ಲಾಕರ್

ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾವ ಬಗೆಯ ಆಟಗಾರರು ಎಷ್ಟು ಮಂದಿ ಇರಬೇಕೆಂದು ತೀರ್ಮಾನಿಸುವವನು ನಾನು. ಅಂಪೈರ್ ಚೆಂಡು ಪುಟಿಸಿದಾಗ ಎಲ್ಲರಿಗಿಂತ ಮೇಲೆ ಹಾರಬೇಕಾದ ರಕ್‌ಮನ್ ಮೈದಾನದಲ್ಲಿ ಒಬ್ಬನೇ. ನಮ್ಮವನು ಗ್ರಿಗ್. ಅವನ ಹಾಳು ಮೊಣಕಾಲು ಕೈಕೊಟ್ಟರೆ ಇರಲಿ ಎಂದು ಮಿಲ್ಡುರಾ ಊರಿನಿಂದ ಡೆಕ್ಲನ್ ಪ್ರೌಟ್‌ನನ್ನು ಕರೆತಂದೆ. ಮೂರು ವರ್ಷ ಗ್ರಿಗ್ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.

ಈ ಅಕ್ಟೋಬರಿನಲ್ಲಿ ಚುರುಕಾದ ಗಿಡ್ಡ ಫಾರ್ವರ್ಡ್ ಒಬ್ಬ ಬೇಕಾಯಿತು. ಆಟಗಾರರ ಪಟ್ಟಿಯ ಬೋರ್ಡಿನಿಂದ ಡೆಕ್ಲನ್ ಹೆಸರು ಕಿತ್ತೆ. ಅವನಿಗೆ ಹೇಳುವ ಕೆಲಸವೂ ನನ್ನ ತಲೆಗೇ ಬಂತು.

"ನಿನ್ನ ಆಟಕ್ಕೇನೂ ಕಮ್ಮಿ ಇಲ್ಲ ಕಣೋ. ಉದ್ದದವರು ಜಾಸ್ತಿ ಆದ್ರು, ಅಷ್ಟೇ."

"ಬಿಡು ನೆವ್," ಎಂದು ನಕ್ಕ. "ಪ್ರತಿ ಪಂದ್ಯ ಆದ್ಮೇಲೆ ಗ್ರಿಗ್‌ನ ಆ ದರಿದ್ರ ಮೊಣಕಾಲಿಗೆ ಐಸ್ ಕಟ್ಟಿದ್ದು ನಾನೇ ಅಲ್ವಾ?"

ಒಂದು ಪಂದ್ಯವಾದರೂ ಆಡಿದವನ ಹೆಸರನ್ನು ಅವನ ಸಂಖ್ಯೆಯ ಲಾಕರ್ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸುವುದು ನಮ್ಮಲ್ಲಿ ವಾಡಿಕೆ. ಡೆಕ್ಲನ್ ಹೋದ ಮೇಲೆ ಅವನ ಮೂವತ್ತೆಂಟನೇ ಲಾಕರ್ ನೋಡಿದೆ. ಹಳಬರ ಏಳು ಹೆಸರುಗಳ ಕೆಳಗೆ, ತನ್ನ ಹೆಸರು ಅಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಯಾವಾಗಲೋ ಪೆನ್ಸಿಲಿನಲ್ಲಿ ಬರೆದು ನೋಡಿದ್ದ. ಹೋಗುವ ಮುಂಚೆ ಉಜ್ಜಿ ಅಳಿಸಿದ್ದರೂ ಅಕ್ಷರಗಳು ಕಾಣುತ್ತಿದ್ದವು.

ಜಾಗ ಸಾಕಷ್ಟಿತ್ತು.