ಬೀರುವಿನ ಹಿಂದಿನ ಗೋಡೆ

ಹೇಳುವ ಮೊದಲೇ ಕ್ಷಮೆ ಕೇಳುತ್ತೇನೆ. ಹಗಲು ಅಂಗಡಿಯಲ್ಲಿ ಬಿಲ್ ಹಾಕಿ ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಕಥೆ ಹೇಳಿ ಅಭ್ಯಾಸವಿಲ್ಲ. ಸಾವಾದ ಮನೆಯ ಮಾತನ್ನು ಹೀಗೆ ಎತ್ತಬಾರದೇನೋ. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ಕಾರ್ತೀಕದಲ್ಲಿ ನನಗೆ ತುಮಕೂರಿನಿಂದ ಕುಣಿಗಲ್ ಅಂಗಡಿಗೆ ವರ್ಗವಾಯಿತು. ಗುಬ್ಬಿಯ ನಮ್ಮ ಶೀಟಿನ ಕೋಣೆಯಲ್ಲಿ ತಂಗಿ ರೂಪಶ್ರೀ ಹಸಿ ಬಾಣಂತಿ. ಅಮ್ಮ ಇಲ್ಲ, ಬಾಣಂತನ ನನ್ನದೇ. ಅವಳಿಗೂ ಕೂಸಿಗೂ ಬೆಚ್ಚಗಿನ ಮನೆ ಬೇಕಿತ್ತು. ಕುಣಿಗಲ್ಲಿನ ಕೆರೆ ಏರಿಯ ಹತ್ತಿರ ಪುಟ್ಟರಂಗಯ್ಯನವರ ಮನೆ ಬಾಡಿಗೆಗೆ ಸಿಕ್ಕಿತು. ಬೀಗದ ಕೈಯನ್ನು ಅವರು ಗೇಟಿನಾಚೆ ನಿಂತೇ ಕೊಟ್ಟರು.

"ಮಂಡಿ ನೋವು ಕಣಮ್ಮ, ಮೆಟ್ಲು ಹತ್ತಕ್ಕಾಗಲ್ಲ. ನೀವೇ ನೋಡ್ಕಳಿ. ಅಡಿಗೆಮನೆ ಬೀರು ಮಾತ್ರ ಜರುಗಿಸ್ಬೇಡಿ, ಕಾಲು ಮುರ್ದೈತೆ."

"ಹಸಿಗೂಸು ಬರುತ್ತೆ. ಮನೇಲೇನೂ ತೊಂದ್ರೆ ಇಲ್ಲ ತಾನೇ?"

"ಏನ್ ತೊಂದ್ರೆ? ಕೂಸು ನಕ್ಕರೆ ಮನೆಗೇ ಒಳ್ಳೇದು."

ತಂಗಿ ಮರುದಿನ ಬರುವವಳಿದ್ದಳು. ನಾನು ಗುಡಿಸಿ, ಒರೆಸಿ, ಒಬ್ಬಳೇ ಮಲಗಿದೆ. ನಿದ್ದೆ ಹತ್ತುವಾಗ ಅಡಿಗೆಮನೆಯಲ್ಲಿ ಹಿಡಿ ಮಣ್ಣು ಉದುರಿದಂಥ ಸದ್ದು. ಆಮೇಲೆ ಯಾರೋ ಅಂಗೈಯಿಂದ ಗೋಡೆ ತಟ್ಟಿದಂತೆ. ನಿಂತಿತು. ಮತ್ತೆ ಶುರುವಾಯಿತು. ಪಕ್ಕದವರನ್ನು ಎಬ್ಬಿಸಲೇ ಎಂದುಕೊಂಡೆ. ನಕ್ಕಾರು ಎಂದು ಸುಮ್ಮನಾದೆ. ಇಲಿಯಾದರೆ ಕೂಸಿಗೆ ಅಪಾಯ ಅನ್ನಿಸಿ, ಎದ್ದು ಬೀರುವನ್ನು ಜರುಗಿಸಿದೆ. ಅದರ ನಾಲ್ಕು ಕಾಲೂ ಗಟ್ಟಿಯಾಗಿದ್ದವು.

ಮೊಬೈಲ್ ಬೆಳಕಿನಲ್ಲಿ ಕಂಡದ್ದು, ಸುಣ್ಣದ ಗೋಡೆಯ ನಡುವೆ ಆಳೆತ್ತರಕ್ಕೆ ಹೊಸ ಇಟ್ಟಿಗೆ. ಗಾರೆ ಸಹ ಬಳಿದಿರಲಿಲ್ಲ.

ಯಾರೂ ಹೇಳಬೇಕಾಗಿರಲಿಲ್ಲ. ಗೂಳೂರಿನಲ್ಲಿ ನಮ್ಮ ತಾತ ಕೆಟ್ಟ ನಕ್ಷತ್ರದಲ್ಲಿ ಸತ್ತಾಗ ಹೆಣವನ್ನು ಬಾಗಿಲಿನಿಂದ ಹೊರಗೆ ತರಲಿಲ್ಲ. ಹಿಂದಿನ ಗೋಡೆ ಒಡೆದು ತಂದರು. ಬಾಗಿಲಿಗೆ ಮುಳ್ಳು ಹಾಕಿ ಮನೆಯವರೆಲ್ಲ ಆರು ತಿಂಗಳು ಬೇರೆ ಕಡೆ ಇದ್ದರು.

ನಾನು ಗೋಡೆ ನೋಡುತ್ತ ನಿಂತಿದ್ದಾಗಲೇ ಅದರೊಳಗೆ ಮತ್ತೆ ತಟ್ಟಿದ ಸದ್ದು. ಬೆಳಗಾಗುವವರೆಗೂ ಮುಂಬಾಗಿಲಿಗೆ ಒರಗಿ ಕುಳಿತೆ.

ಬೆಳಿಗ್ಗೆ ಪಕ್ಕದ ಮನೆಯ ಪುಟ್ಟತಾಯಮ್ಮ ನೀರು ಹಾಕುತ್ತಿದ್ದರು. ಕೇಳಿದೆ.

"ಪುಟ್ಟರಂಗಯ್ನೋರ ಅಣ್ಣ ಹೋದ್ರು ಕಣವ್ವ, ಇದೇ ಮನೇಲಿ, ಪಂಚಕದ ಕೆಟ್ಟ ನಕ್ಷತ್ರದಾಗೆ. ಬೇರೇರು ಬಂದು ಒಲೆ ಹಚ್ಚಿದ್ರೆ ದೋಷ ಅವರ್ಗೇ ಅಂಟ್ಕತದೆ ಅಂತ ಅವ್ರಿಗೆ ಯಾವನೋ ಹೇಳವ್ನೆ."

"ಕೂಸು ಬರುತ್ತೆ ಅಂತ ನಿನ್ನೆ ನಾನು ಹೇಳಿದ್ರೂ ನೀವು ಸುಮ್ನಿದ್ರಾ?"

"ನಮ್ಗ್ಯಾಕೆ ಬುಡವ್ವ, ಅವ್ರಿವ್ರ ಸುದ್ದಿ."

ಅಷ್ಟರಲ್ಲಿ ಪುಟ್ಟರಂಗಯ್ಯನವರೇ ಬಂದು ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿದರು.

"ನಿದ್ದೆ ಬಂತೇನಮ್ಮ?"

"ಒಳಗೆ ಬನ್ನಿ ಯಜಮಾನ್ರೆ, ಕಾಫಿ ಕೊಡ್ತೀನಿ."

"ಇರ್ಲಿ ಕಣಮ್ಮ. ಮಂಡಿ, ಮೆಟ್ಲು..."

"ಮೆಟ್ಲೆಲ್ಲಿದೆ? ಇರೋದು ಹೊಸಿಲೊಂದೇ. ಬೀರು ಜರುಗಿಸಿದೆ. ನೋಡ್ಬನ್ನಿ."

ಅವರ ಮುಖ ಬಿಳಿಚಿತು. ಆದರೂ ನಕ್ಕರು. "ಓದ್ದೋರು ನೀವು. ಇದ್ನೆಲ್ಲ ನಂಬ್ತೀರಾ?"

ನನಗೆ ಅಷ್ಟು ದೊಡ್ಡ ದನಿಯಿದೆ ಎಂದು ನನಗೇ ತಿಳಿದಿರಲಿಲ್ಲ.

"ನಾನು ನಂಬ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ನೀವು ನಂಬ್ತೀರಲ್ಲ! ನಂಬ್ದೇ ಕೊಟ್ಟಿದ್ರೆ ಅದು ಬರೀ ಮನೆ. ನೀವು ನಂಬಿ ಕೊಟ್ರಿ. ನಿಮ್ಮನೆ ಮಕ್ಕಳಿಗೆ ಬೇಡವಾಗಿದ್ದು ನಮ್ಮ ಕೂಸಿಗೆ ಅಂಟ್ಲಿ ಅಂತ ಕೊಟ್ರಿ!"

ಅವರು ಕೈ ಚಾಚಿದರು, ಬೀಗದ ಕೈಗೆ.

"ಆ ಬೀರು ಮೇಲಿಟ್ಟಿದೀನಿ. ಹೋಗಿ ತಗೊಳ್ಳಿ."

ಬಾಗಿಲನ್ನು ಹಾರುಹೊಡೆದು ಬಿಟ್ಟು, ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ಹೊರಡಬೇಡ ಎಂದು ತಂಗಿಗೆ ಫೋನ್ ಮಾಡಿದೆ. ಹೆಬ್ಬೂರು ದಾಟುವವರೆಗೂ ಬಸ್ಸಿನಲ್ಲಿ ಮನಸ್ಸಿನೊಳಗೇ ಅವರನ್ನು ಬೈಯುತ್ತಿದ್ದೆ.

ಹೊರಡುವ ಮೊದಲು ಬೆಳಕಿನಲ್ಲಿ ಆ ಗೋಡೆಯನ್ನು ಮುಟ್ಟಿ ನೋಡಿದ್ದೆ. ಇಲಿಯ ಬಿಲವಿರಲಿಲ್ಲ, ಒಂದು ಇಟ್ಟಿಗೆಯೂ ಅಲುಗಲಿಲ್ಲ, ನೆಲದ ಮೇಲೆ ಮಣ್ಣೂ ಬಿದ್ದಿರಲಿಲ್ಲ. ರಾತ್ರಿ ತಟ್ಟಿದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.