ಸ್ಕ್ಯಾನರ್ ಪರೀಕ್ಷೆ

ಹೆಣ್ಣು ಕೊಡುವವರು ಗಂಡಿನ ಸಂಬಳ ಕೇಳುತ್ತಾರೆ, ಗೋತ್ರ ಕೇಳುತ್ತಾರೆ, ಸಿಗರೇಟಿನ ಅಭ್ಯಾಸ ಇದೆಯೇ ಎಂದು ಸುತ್ತಿ ಬಳಸಿ ಕೇಳುತ್ತಾರೆ. ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ಗಂಗಾಧರರು ಮಾತ್ರ ರೇಡಿಯೊ ಸ್ಕ್ಯಾನರ್ ಬಗ್ಗೆ ಕೇಳುತ್ತಾರೆ ಎಂದು ಗೊತ್ತಾದಾಗ ಭಾರ್ಗವನಿಗೆ ನಗು ತಡೆಯಲಾಗಲಿಲ್ಲ. ಫೋನಿನ ಆ ಕಡೆ ಇದ್ದ ಶರ್ವಾಣಿಗೆ ಅದು ಹಿಡಿಸಲಿಲ್ಲ.

"ಡೋಂಟ್ ಲಾಫ್, ಭಾರ್ಗವ್. ಅಪ್ಪ ವಿಲ್ ಆಸ್ಕ್. ಜಸ್ಟ್ ಸೇ ಹ್ಯಾಂಡ್‌ಹೆಲ್ಡ್, ಓಕೆ?"

ನೈರೋಬಿಯಲ್ಲೇ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿದ್ದುದು ಇಂಗ್ಲಿಷು. ಮೈಸೂರಿನಿಂದ ಬಂದು ಔಷಧಿ ಕಂಪನಿಯ ಗುಣಮಟ್ಟ ವಿಭಾಗ ಸೇರಿದ್ದ ಭಾರ್ಗವನಿಗೆ ಪಾರ್ಕ್‌ಲ್ಯಾಂಡ್ಸ್ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಅವಳ ಪರಿಚಯವಾಗಿತ್ತು. ಈಗ ಅವಳಿಲ್ಲದೆ ಬದುಕಿಲ್ಲ ಎನ್ನುವ ಮಟ್ಟಕ್ಕೆ ಬಂದಿದ್ದ. ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುವುದಿತ್ತು. ಅಲ್ಲಿ ಅವಳ ಅಪ್ಪ ಹೂಂ ಅಂದರೆ ಮದುವೆ, ಊಹೂಂ ಅಂದರೆ ಮುಗಿಯಿತು.

ಗಂಗಾಧರರು ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರು, ಜೊತೆಗೆ ರೈಲಿನ ಹುಚ್ಚು. ರೈಲಿನ ಡ್ರೈವರು ಮತ್ತು ಸ್ಟೇಷನ್ನಿನವರು ವೈರ್‌ಲೆಸ್ಸಿನಲ್ಲಿ ಆಡುವ ಮಾತನ್ನು ಹಿಡಿದು ಕೇಳಿಸುತ್ತದಂತಲ್ಲ, ಆ ಸ್ಕ್ಯಾನರ್ ಡಬ್ಬಿಯನ್ನು ಕೊಳ್ಳಬೇಕೆಂದು ಅವರು ವರ್ಷಗಳಿಂದ ಒದ್ದಾಡುತ್ತಿದ್ದರು. ಕೈಯಲ್ಲಿ ಹಿಡಿಯುವುದೋ, ಮೇಜಿನ ಮೇಲೆ ಇಡುವುದೋ? ಕೈಯದ್ದಕ್ಕೆ ಬ್ಯಾಟರಿ ಬೇಗ ಇಳಿಯುತ್ತದೆ, ಮೇಜಿನದ್ದಕ್ಕೆ ದೊಡ್ಡ ಏರಿಯಲ್ ಬೇಕು. ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದರು. ಬಂದವರು ಒಂದು ಹೇಳಿದರೆ ಇವರು ಇನ್ನೊಂದರ ಪರ ವಕಾಲತ್ತು ಮಾಡುತ್ತಿದ್ದರು. ಹೀಗಾಗಿ ಆ ಮನೆಗೆ ಎರಡನೇ ಸಲ ಊಟಕ್ಕೆ ಬರುವವರೇ ಕಡಿಮೆಯಾಗಿದ್ದರು.

ಭಾರ್ಗವ ಸ್ಕ್ಯಾನರ್ ಬಗ್ಗೆ ಓದಿಕೊಂಡೇ ಹೋದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಶರ್ವಾಣಿಯ ಅಮ್ಮ ವಿಜಿ, ಮೇಲಿನ ಶೆಲ್ಫಿನಿಂದ ಡಬ್ಬಿ ಇಳಿಸಿಕೊಡಬೇಕೆಂದು ಅವನನ್ನು ಅಡುಗೆಮನೆಗೆ ಕರೆದರು. ಡಬ್ಬಿ ಬರಿಯ ನೆಪ.

"ನೋಡಪ್ಪಾ, ಇವರು ಸ್ಕ್ಯಾನರ್ ವಿಷ್ಯ ಎತ್ತುತ್ತಾರೆ. ಎರಡೂ ಬೇಡ ಅನ್ನು. ಅದು ಈ ಮನೆಗೆ ಬರಬಾರ್ದು."

"ಯಾಕೆ ಆಂಟಿ?"

ವಿಜಿ ಬಿಸಿಬೇಳೆಬಾತನ್ನು ಸುಮ್ಮನೆ ಒಮ್ಮೆ ತಿರುವಿದರು. "ಶನಿವಾರ ಬಂದ್ರೆ ಇವರು ನನ್ನನ್ನ ಊರಾಚೆ ಒಂದು ಸಣ್ಣ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರೆ, ರೈಲು ನೋಡೋಕೆ. ಅದು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಕಾಯ್ತೀವಿ. ಆ ಕಾಯೋ ಹೊತ್ತಲ್ಲಿ ಇವರು ಮಾತಾಡ್ತಾರೆ ಕಣಪ್ಪಾ. ವಾರವೆಲ್ಲಾ ಫ್ಯಾಕ್ಟರಿ, ಫೋನು. ಅಲ್ಲಿ ಮಾತ್ರ ನನ್ನ ಜೊತೆ ಮಾತು. ಆ ಡಬ್ಬಿ ಬಂತೋ, ರೈಲು ಬರೋ ಗಳಿಗೆಗೆ ಸರಿಯಾಗಿ ಹೋಗೋದು, ನೋಡೋದು, ವಾಪಸ್ ಬರೋದು. ಅಷ್ಟೇ."

"ಇದನ್ನ ಅವರಿಗೇ ಹೇಳ್ಬಹುದಲ್ಲ?"

"ಇಷ್ಟು ವರ್ಷ ಆದ್ಮೇಲಾ? ಥೂ, ನಾಚಿಕೆ ಆಗುತ್ತೆ. ನೀನೂ ಹೇಳ್ಬಾರ್ದು. ಆಣೆ ಮಾಡು."

ಕೈಯಲ್ಲಿದ್ದ ಸಾಸಿವೆ ಡಬ್ಬಿಯ ಮೇಲೆ ಭಾರ್ಗವ ಆಣೆ ಮಾಡಿದ. ಅತ್ತೆ ಕಡೆಯ ಮತ ಬಿತ್ತು ಎಂದು ಒಳಗೊಳಗೇ ಹಿಗ್ಗಿದ. ಹಿಗ್ಗು ಹಜಾರ ದಾಟುವವರೆಗೂ ಉಳಿಯಲಿಲ್ಲ. ಏರಿಯಲ್ ಎಲ್ಲಿ ಕಟ್ಟಬಹುದು ತೋರಿಸುತ್ತೇನೆಂದು ಗಂಗಾಧರರು ಅವನನ್ನು ಬಾಲ್ಕನಿಗೆ ಕರೆದೊಯ್ದು ಹಿಂದಿನಿಂದ ಬಾಗಿಲು ಮುಚ್ಚಿದರು.

"ಭಾರ್ಗವ ಅವರೇ, ನಂಗೆ ಇವತ್ತು ನಿಮ್ಮ ಸಪೋರ್ಟ್ ಬೇಕು. ಮಾವನಾಗೋನಿಗೆ ಇಷ್ಟು ಮಾಡಿ."

ಮಾವನಾಗೋನು! ಭಾರ್ಗವನ ಎದೆ ಜಿಗಿಯಿತು. "ಹೇಳಿ ಅಂಕಲ್."

"ಎಲ್ರೂ ಇದನ್ನ ನನ್ನ ಹುಚ್ಚು ಅಂದ್ಕೊಂಡಿದಾರೆ. ಅಲ್ಲ ರೀ. ಇವಳಿಗೆ ಮಂಡಿನೋವು. ಬಾಯಿಬಿಟ್ಟು ಹೇಳಲ್ಲ, ಆದ್ರೆ ಮೆಟ್ಟಿಲು ಹತ್ತೋವಾಗ ನಂಗೆ ಕಾಣಲ್ವಾ? ಆ ಸ್ಟೇಷನ್ನಲ್ಲಿ ಬೆಂಚು ಯಾವಾಗ್ಲೂ ಫುಲ್ಲು. ನಿಂತೇ ಕಾಯ್ತಾಳೆ. ಸ್ಕ್ಯಾನರ್ ಇದ್ರೆ, ರೈಲು ಹಿಂದಿನ ಸ್ಟೇಷನ್ ಬಿಡ್ತು ಅಂತ ಕೇಳಿಸಿದ್ಮೇಲೆ ಕಾರಿಂದ ಇಳಿದ್ರೆ ಸಾಕು."

"ಆಂಟಿಗೆ ಹೇಳಿದೀರಾ?"

"ಹೇಳಿದ್ರೆ ಬರೋದೇ ನಿಲ್ಲಿಸಿಬಿಡ್ತಾಳೆ, ನನ್ನಿಂದ ನಿಮಗೆ ತೊಂದ್ರೆ ಅಂತ. ನೀವೂ ಬಾಯಿ ಬಿಡ್ಬೇಡಿ."

"ಮತ್ತೆ ಇಷ್ಟು ದಿನ ಯಾಕೆ ತಗೊಂಡಿಲ್ಲ ಅಂಕಲ್?"

"ತಪ್ಪು ಸೆಟ್ಟು ತಗೊಂಡ್ರೆ? ಬರೀ ಗೊರಗೊರ ಸದ್ದು ಬಂದ್ರೆ?" ಗಂಗಾಧರರ ಮುಖದಲ್ಲಿ ನಿಜವಾದ ಭಯವಿತ್ತು. "ಇವತ್ತು ಊಟಕ್ಕೆ ಕೂತಾಗ ಕೇಳ್ತೀನಿ. ಧೈರ್ಯವಾಗಿ ಒಂದನ್ನ ಹೇಳಿ. ನಾಳೇನೇ ಆರ್ಡರ್ ಮಾಡ್ತೀನಿ."

ಭಾರ್ಗವ ಹೂಂ ಎಂದು ತಲೆಯಾಡಿಸಿದ. ಇನ್ನೇನು ಮಾಡಿಯಾನು? ಮಗಳು ಕೈಯಲ್ಲಿ ಹಿಡಿಯುವುದು ಅನ್ನು ಎಂದಿದ್ದಳು, ತಾಯಿ ಎರಡೂ ಬೇಡ ಅನ್ನು ಎಂದಿದ್ದರು, ತಂದೆ ಯಾವುದಾದರೂ ಒಂದು ಅನ್ನು ಎಂದಿದ್ದರು. ಮೂವರಿಗೂ ಮಾತು ಕೊಟ್ಟ ಮಹಾರಾಯ ಎಲೆಯ ಮುಂದೆ ಕೂತ.

ಎರಡನೇ ಸಲ ತುಪ್ಪ ಬಡಿಸಿದ ಮೇಲೆ ಗಂಗಾಧರರು ಗಂಟಲು ಸರಿಮಾಡಿಕೊಂಡರು. "ಭಾರ್ಗವ ಅವರೇ, ಈಗ ಹೇಳಿ. ಕೈಯಲ್ಲಿ ಹಿಡಿಯೋದೋ, ಮೇಜಿನ ಮೇಲೆ ಇಡೋದೋ?"

ಶರ್ವಾಣಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ವಿಜಿ ಸೌಟು ಹಿಡಿದು ನಿಂತಲ್ಲೇ ನಿಂತರು. ಬಾಲ್ಕನಿಯ ಒಪ್ಪಂದ ನೆನಪಿಸುವಂತೆ ಗಂಗಾಧರರು ಹುಬ್ಬು ಹಾರಿಸಿದರು.

ಭಾರ್ಗವನ ಕಂಪನಿಯಲ್ಲಿ ಯಾವ ಯಂತ್ರ ಕೊಳ್ಳಬೇಕಾದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಯಾವ ತೊಂದರೆಗೆ? ಆ ತೊಂದರೆ ಏನೆಂದು ಇಡೀ ಪ್ರಪಂಚದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ಸ್ಟೂಲು," ಎಂದ.

"ಏನು?"

"ಒಂದು ಮಡಚೋ ಸ್ಟೂಲು ತಗೊಳ್ಳಿ ಅಂಕಲ್. ಆಂಟಿ ಕೂತ್ಕೊಂಡು ಕಾಯ್ಲಿ. ಅವರಿಗೆ ನಿಮ್ಮ ಜೊತೆ ಕಾಯೋದೇ ಇಷ್ಟ. ನಿಂತ್ಕೊಳ್ಳೋದು ಮಾತ್ರ ಕಷ್ಟ, ಮಂಡಿ ನೋಯುತ್ತಲ್ಲ."

ಕೊಟ್ಟ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಮುರಿದು ಹಾಕಿದ್ದ.

"ನನ್ನ ಮಂಡಿ ವಿಷ್ಯ ನಿಮಗೆ ಯಾರು ಹೇಳಿದ್ರು?" ಎಂದರು ವಿಜಿ ಗಂಡನಿಗೆ.

"ಕಾಯೋದು ಇಷ್ಟ ಅಂತ ನೀನು ನಂಗೆ ಹೇಳೇ ಇಲ್ವಲ್ಲೇ?" ಎಂದರು ಗಂಗಾಧರರು ಹೆಂಡತಿಗೆ.

ಇಬ್ಬರ ಮುಖವೂ ಕೆಂಪಾಯಿತು. ಒಬ್ಬರ ಮುಖ ಒಬ್ಬರು ನೋಡಲಾರದೆ, ಗಂಡಹೆಂಡಿರು ಒಟ್ಟಿಗೆ ಭಾರ್ಗವನ ಕಡೆ ತಿರುಗಿದರು.

"ನಂಬಿ ಒಂದು ಮಾತು ಹೇಳಿದ್ರೆ ಹೀಗಾ ಮಾಡೋದು?" ಎಂದರು ಗಂಗಾಧರರು.

"ಸಾಸಿವೆ ಮುಟ್ಟಿ ಆಣೆ ಮಾಡಿದ್ದೆಯಲ್ಲೋ!" ಎಂದರು ವಿಜಿ.

"ಐ ಟೋಲ್ಡ್ ಯೂ ಹ್ಯಾಂಡ್‌ಹೆಲ್ಡ್!" ಎಂದಳು ಶರ್ವಾಣಿ.

ತಿಳಿಸುತ್ತೇವೆ ಎಂದು ಹೇಳಿ ಅವನನ್ನು ಕಳಿಸಿಕೊಟ್ಟರು. ತಿಳಿಸುತ್ತೇವೆ ಅಂದರೆ ಏನೆಂದು ಯಾವ ಗಂಡಿಗೆ ಗೊತ್ತಿಲ್ಲ? ಮಟಾಟು ವ್ಯಾನಿನ ಕಿಟಕಿಗೆ ತಲೆಯಾನಿಸಿ ಮನೆ ಸೇರಿದ. ಆ ವಾರ ಮಾತ್ರೆ ಪರೀಕ್ಷಿಸುವಾಗಲೂ ಕಣ್ಣು ಫೋನಿನ ಮೇಲೆ. ಶರ್ವಾಣಿಯೂ ಸಿಟ್ಟಿನಲ್ಲಿ ಒಂದೊಂದೇ ಪದದ ಉತ್ತರ ಕಳಿಸುತ್ತಿದ್ದಳು. ತನ್ನ ಬಾಯಿಗೆ ಬೀಗ ಹಾಕಬೇಕಿತ್ತು ಎಂದು ನಿಜವಾಗಿಯೂ ಸಂಕಟಪಟ್ಟ.

ಶನಿವಾರ ಬೆಳಿಗ್ಗೆ ಫೋನು ಬಡಿದುಕೊಂಡಿತು. ಗಂಗಾಧರರು.

"ಭಾರ್ಗವ ಅವರೇ, ವಾರದಿಂದ ಯೋಚನೆ ಮಾಡ್ತಿದೀನಿ. ಮೂರು ಕಾಲಿನ ಸ್ಟೂಲೋ, ನಾಲ್ಕು ಕಾಲಿನದ್ದೋ? ಮೂರು ಕಾಲಿಂದು ಹಗುರ. ಆದ್ರೆ ನೋಡಿ..."

ಭಾರ್ಗವ ಉತ್ತರ ಕೊಡುವ ತಪ್ಪನ್ನು ಮತ್ತೆ ಮಾಡಲಿಲ್ಲ. ನಿಮ್ಮ ಸ್ಟೇಷನ್ನಿಗೇ ಬರ್ತೀನಿ ಅಂಕಲ್ ಎಂದು ದಾರಿ ಕೇಳಿಕೊಂಡು ಫೋನಿಟ್ಟ. ರಸ್ತೆಬದಿಯ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಸ್ಟೂಲು ಎತ್ತಿಕೊಂಡು ನೆಟ್ಟಗೆ ಸ್ಟೇಷನ್ನಿಗೆ ಹೋದ.

ಪ್ಲಾಟ್‌ಫಾರ್ಮಿನ ಬೆಂಚು ಎಂದಿನಂತೆ ತುಂಬಿತ್ತು. ವಿಜಿ ಸ್ಟೂಲು ಬಿಡಿಸಿ ಕೂತರು. ಗಂಗಾಧರರು ಪಕ್ಕದಲ್ಲಿ ನಿಂತು ಯಾವುದೋ ಹಳೆಯ ರೈಲಿನ ಕಥೆ ಶುರು ಮಾಡಿದರು. ಭಾರ್ಗವ ಸ್ವಲ್ಪ ದೂರದಲ್ಲಿ, ಅವತ್ತು ತಾನೂ ಬಂದು ಸುಟ್ಟ ಜೋಳ ತಿನ್ನುತ್ತಿದ್ದ ಶರ್ವಾಣಿಯ ಪಕ್ಕದಲ್ಲಿ ನಿಂತ. ಅವಳು ತೆನೆಯಲ್ಲಿ ಅರ್ಧ ಮುರಿದುಕೊಟ್ಟಳು.

ರೈಲು ತಡ ಎಂದು ಯಾರೋ ಕೂಗಿ ಹೇಳಿದರು. ಜನ ಗೊಣಗಿದರು.

"ಬರ್ಲಿ ಬಿಡಿ, ನಿಧಾನಕ್ಕೆ ಬರ್ಲಿ," ಎಂದರು ವಿಜಿ. ನಗುತ್ತಾ ಹಿಂದಕ್ಕೆ ವಾಲಿದಾಗ ಸ್ಟೂಲು ಗಡಗಡ ಅಲ್ಲಾಡಿತು.

ಗಂಗಾಧರರು ಕಥೆ ಅರ್ಧಕ್ಕೆ ಬಿಟ್ಟು ಮಂಡಿಯೂರಿ ಅದರ ಕಾಲುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಭಾರ್ಗವನ ಬಾಯಲ್ಲಿ ಜೋಳ ಹಾಗೇ ನಿಂತಿತು.

"ನೆಟ್ಟಗೆ ಕೂತ್ಕೊಳೇ," ಎಂದರು ಗಂಗಾಧರರು ಹೆಂಡತಿಗೆ. "ಅಳಿಯಂದ್ರು ತಂದಿರೋ ಸ್ಟೂಲು, ಒಂದು ಕಾಲು ಗಿಡ್ಡ."